ನಮ್ಮ ಮನೆಮಟ್ಟಿಗೆ ಒಂದು ಕ್ಯಾಸೆಟ್ಟು

ನನ್ನ ಗಂಡ ಯಾರದೂ ಒಂದು ಕಡ್ಡಿ ಮುಟ್ಟಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಯಾರಾದರೂ ಅವರನ್ನು ಕಳ್ಳ ಅಂದರೆ ನನಗೆ ಸಿಟ್ಟು ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಇಂಡಿ ಪಟ್ಟಣದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕಚೇರಿಯ ಪೆನ್ಸಿಲ್ಲು ಮರೆತು ಜೇಬಿನಲ್ಲಿ ಮನೆಗೆ ಬಂದರೆ ಸೋಮವಾರ ಒಯ್ದು ಅದರ ಜಾಗದಲ್ಲಿ ಇಟ್ಟು ಬರುವ ಮನುಷ್ಯ. ವಾರವೆಲ್ಲ ಅಲ್ಲಿ ಒಂದು ಖೋಲಿ ಹಿಡಿದು ಇರುತ್ತಿದ್ದರು, ಶನಿವಾರ ದೇವಣಗಾಂವದ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ನಾನು, ಒಂದು ಎಮ್ಮೆ.

ನಮ್ಮ ಮನೆಗೆ ಪ್ರತಿ ವರ್ಷ ಸುಗ್ಗಿಯಲ್ಲಿ ತಾಳಿಕೋಟೆ ಕಡೆಯ ಒಬ್ಬ ಹಾಡುವವಳು ಬರುತ್ತಿದ್ದಳು. ಗೀಗೀ ಪದದವಳು. ಹಿಂದೆ ಸೊಲ್ಲು, ಅಂದರೆ ಪಲ್ಲವಿ, ಎತ್ತಿಕೊಳ್ಳಲು ಮೂವರು ಹೆಂಗಸರು, ಬಡಿಯಲು ಒಂದು ದಪ್ಪು, ಮೀಟಲು ಒಂಟಿ ತಂತಿಯ ಒಂದು ತುಂತುಣಿ. ಅವಳಿಗಿಂತ ಮೊದಲು ಅವಳ ತಾಯಿ ಬರುತ್ತಿದ್ದಳಂತೆ. ಅತ್ತೆಗೆ ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಆ ತಾಯಿ ಪಡಸಾಲೆಯಲ್ಲಿ ನಿಂತು ಹರಕೆ ಹಾಡಿದಳು, ಕೂಸು ಉಳಿಯಿತು. ಆ ಕೂಸೇ ನನ್ನ ಗಂಡ. ಅಂದಿನಿಂದ ಅತ್ತೆಗೆ ಆ ಮನೆತನದ ದನಿ ಅಂದರೆ ದೇವರ ಮನೆಯ ದೀಪವಿದ್ದಂತೆ.

ಅವಳ ಹಾಡಿಕೆಗೆ ಒಂದು ಪದ್ಧತಿಯಿತ್ತು. ಹಾಡು ಎಲ್ಲ ಮನೆಗೂ ಒಂದೇ, ಕೊನೆಯ ನುಡಿ ಮಾತ್ರ ಮನೆಮನೆಗೂ ಬೇರೆ. ಆ ನುಡಿಯಲ್ಲಿ ಮನೆಯ ಹಿರಿಯರು, ದನಕರು, ಹೊಲ, ಸೊಸೆಯ ಮಡಿಲು ಎಲ್ಲವನ್ನೂ ಹರಸುತ್ತಿದ್ದಳು. ಅದಕ್ಕೇ ಹರಕೆ ಅನ್ನುತ್ತಿದ್ದರು. ಹಾಡು ಮುಗಿದ ಮೇಲೆ ಯಾರಾದರೂ ಇನ್ನೊಮ್ಮೆ ಹಾಡು ಅಂದರೆ ಅವಳ ಉಡಿಗೆ ಇನ್ನೊಂದು ಬೊಗಸೆ ಜೋಳ ಹಾಕಬೇಕು. ಇನ್ನೊಮ್ಮೆ ಅಂದು ಬರಿಗೈಯಲ್ಲಿ ಕೂತವರನ್ನು ನಾನು ನೋಡಿಲ್ಲ.

ಅಷ್ಟರಲ್ಲಿ ಮುಂಬೈಯ ಯಾವುದೋ ಕಂಪನಿಯವರು ಅವಳನ್ನು ಕರೆಸಿ ಒಂದು ಪ್ಲೇಟು ಮಾಡಿಸಿದರು. ನಮ್ಮ ಕಡೆ ಗ್ರಾಮಫೋನು ರೆಕಾರ್ಡಿಗೆ ಪ್ಲೇಟು ಅನ್ನುತ್ತಿದ್ದೆವು. ನನ್ನ ಗಂಡ ಸೊಲ್ಲಾಪುರಕ್ಕೆ ಹೋಗಿ, ಕೇಳಿದಷ್ಟು ಕೊಟ್ಟು, ಅದನ್ನು ಟವೆಲಿನಲ್ಲಿ ಸುತ್ತಿ ತಂದರು. ಪಡಸಾಲೆಯಲ್ಲಿದ್ದ ಗ್ರಾಮಫೋನಿಗೆ ಹಚ್ಚಿದರು. ಅತ್ತೆ ಕೈಮುಗಿದು ಕೂತು ಕೇಳಿದರು. ಹಾಡು ಮುಗಿದು ಮುಳ್ಳು ಸುಮ್ಮನೆ ತಿರುಗತೊಡಗಿದರೂ ಕೈ ಇಳಿಸಲಿಲ್ಲ.

“ಹರಕಿ ಎಲ್ಲೈತೋ?” ಅಂದರು.

“ಪ್ಲೇಟಿನ್ಯಾಗ ಅದಕ್ಕ ಜಾಗಾ ಇರಂಗಿಲ್ಲವ್ವ. ಮೂರು ಮಿನಿಟಿನ್ಯಾಗ ಮುಗಸಬೇಕಾಗತೈತಿ. ಮತ್ತ ಯಾರ ಮನಿ ಹರಕಿ ಹಾಡಬೇಕು ಆಕಿ, ಕಂಪನಿಯವರ ಮನೀದ?”

ಹೇಳುತ್ತ ಅವರು ಮುಳ್ಳು ಎತ್ತಿ ಮತ್ತೆ ಮೊದಲಿಗೆ ಇಟ್ಟರು. ಅತ್ತೆ ಎದ್ದು ಒಳಗೆ ಹೋಗಿ ಒಂದು ಬೊಗಸೆ ಜೋಳ ತಂದು ಖಾಲಿ ಗಡಿಗೆಯೊಂದಕ್ಕೆ ಹಾಕಿದರು.

“ಅದ್ಯಾಕವ್ವ?”

“ಇನ್ನೊಮ್ಮೆ ಹಾಡಸಿದಿ ಅಲ್ಲ.”

ನಾವಿಬ್ಬರೂ ನಕ್ಕೆವು. ಅವರು ನಗಲಿಲ್ಲ. ಆಮೇಲೆ ಪ್ಲೇಟು ಹಚ್ಚಿದಾಗಲೆಲ್ಲ ಗಡಿಗೆಗೆ ಜೋಳ ಬೀಳುತ್ತಿತ್ತು, ಸುಗ್ಗಿಗೆ ಆ ಹೆಂಗಸು ಬಂದಾಗ ಅದನ್ನೂ ಅವಳ ಚೀಲಕ್ಕೆ ಸುರಿಯುತ್ತಿದ್ದರು. ಯಾಕೆಂದು ಗೊತ್ತಾದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಆದರೆ ಜೋಳ ಬೇಡ ಅನ್ನಲಿಲ್ಲ.

ಪ್ಲೇಟು ಸವೆದು ಕರಕರ ಅನ್ನತೊಡಗಿದ್ದೇ ನನ್ನ ಗಂಡನಿಗೆ ಊಟ ಸೇರದಾಯಿತು. ಮರುವರ್ಷ ಒಂದು ಟೇಪ್‌ರೆಕಾರ್ಡರ್ ಕೊಂಡು ತಂದು, ಸಿಂದಗಿಯಿಂದ ಹೊಸ ಸೆಲ್ಲು ತರಿಸಿ, ಎರಡೂ ಯಂತ್ರಗಳನ್ನು ಎದುರುಬದುರು ಕೂರಿಸಿದರು. ಕಿಟಕಿ ಬಾಗಿಲು ಹಾಕಿಸಿ, ಉಸಿರು ಸಹ ಬಿಡಬೇಡಿ ಅಂದರು. ನಾವು ಬಿಡಲಿಲ್ಲ. ಎಮ್ಮೆಗೆ ಯಾರೂ ಹೇಳಿರಲಿಲ್ಲ, ಮೊದಲ ನುಡಿಯಲ್ಲೇ ಅದು ಒದರಿತು. ಎರಡನೆಯ ನುಡಿಯಲ್ಲಿ ಅತ್ತೆ ಕೆಮ್ಮಿದರು. ಆದರೂ ದನಿ ಚೆನ್ನಾಗಿ ಬಂದಿತ್ತು, ಅವರು ಅದನ್ನೇ ಉಳಿಸಿಕೊಂಡರು.

ರೊಟ್ಟಿ ಬಡಿಯುತ್ತ ನಾನು ಸಹಜವಾಗಿ ಕೇಳಿದೆ, “ಹಿಂಗ ಇಳಿಸಿಕೊಂಡ್ರ ನಡೀತೈತೇನ್ರಿ? ಕಂಪನಿಯವರು ಒಂದು ಕೊಟ್ಟಾರ, ನಮ್ಮ ಹತ್ರ ಎರಡು ಆದುವಲ್ಲ.”

“ನಾ ಏನು ಮಾರಾಕತ್ತೇನೇನು? ರೊಕ್ಕಾ ಕೊಟ್ಟು ತಂದೇನಿ. ಸವದು ಹೋಗತೈತಂತ ನಮ್ಮ ಮನಿ ಪೂರ್ತೆಕ ಒಂದು ಇಳಿಸಿಕೊಂಡೇನಿ.”

ನನಗೆ ಅದು ಸರಿ ಕಂಡಿತು. ಇವತ್ತಿಗೂ ಸರಿಯೇ ಕಾಣುತ್ತದೆ, ನನ್ನ ತಾಪತ್ರಯವೇ ಅದು. ಕೊಂಡವನು ತನ್ನ ಮನೆಯಲ್ಲಿ ಕೂತು ತಾನು ಕೊಂಡದ್ದನ್ನು ಕೇಳಿದರೆ ಯಾರ ಗಂಟು ಹೋಯಿತು?

ಆದರೆ ಕ್ಯಾಸೆಟ್ಟು ಪ್ಲೇಟಿನ ಹಾಗೆ ಮನೆಯಲ್ಲಿ ಕೂರಲಿಲ್ಲ. ನನ್ನ ಗಂಡ ಅದನ್ನು ಇಂಡಿಗೆ ಒಯ್ದರು. ಶನಿವಾರ ಅವರು ಕಾಲು ತೊಳೆದು ಒಳಗೆ ಬರುವ ಮೊದಲೇ ಅತ್ತೆ ಕೇಳುತ್ತಿದ್ದರು, “ಈ ವಾರ ಎಷ್ಟು ಸಲ ಹಾಡಸಿದಿ?” ಮೊದಮೊದಲು ಅವರು ನಕ್ಕು ಏನೋ ಒಂದು ಹೇಳುತ್ತಿದ್ದರು. ಆಮೇಲೆ ಸಿಡಿಮಿಡಿಗೊಳ್ಳತೊಡಗಿದರು. “ನನಗೇನು ಅದಽ ಕೆಲಸೇನವ್ವ? ಲೆಕ್ಕಾ ಇಟಗೊಂತ ಹಾಡು ಕೇಳಬೇಕೇನು?” ಅತ್ತೆ ಅಂದಾಜಿನ ಮೇಲೆ ಗಡಿಗೆಗೆ ಜೋಳ ಹಾಕಿ ಬರುತ್ತಿದ್ದರು, ಆದರೆ ಮುಖದಲ್ಲಿ ಸಮಾಧಾನವಿರುತ್ತಿರಲಿಲ್ಲ.

ಇನ್ನು “ನಮ್ಮ ಮನಿ ಪೂರ್ತೆಕ”, ಅಂದರೆ ನಮ್ಮ ಮನೆಮಟ್ಟಿಗೆ, ಅನ್ನುವ ಮಾತು. ನಮ್ಮ ಕಡೆ ಮನೆ ಅನ್ನುವುದು ಎಲ್ಲಿಗೆ ಮುಗಿಯುತ್ತದೆ ಹೇಳಿ ನೋಡೋಣ. ನನ್ನ ನಾದಿನಿ, ಅಂದರೆ ಗಂಡನ ತಂಗಿಯನ್ನು, ಬಸವನ ಬಾಗೇವಾಡಿಗೆ ಕೊಟ್ಟಿದ್ದರು. ಅವಳು ಬಂದು ನನಗೂ ಒಂದು ಇಳಿಸಿಕೊಡಣ್ಣ ಅಂದಳು. ಒಡಹುಟ್ಟಿದವಳು ಬೇರೆಯವಳೇ? ಇಳಿಸಿಕೊಟ್ಟರು. ಮುದ್ದೇಬಿಹಾಳದ ನನ್ನ ಅಣ್ಣ ಕೇಳಿದ. ಹೆಣ್ಣು ಕೊಟ್ಟವರಿಗೆ ಇಲ್ಲ ಅನ್ನಲಾಗುತ್ತದೆಯೇ? ಅದೂ ಆಯಿತು. ನಾದಿನಿಯಿಂದ ಅವಳ ನೆಗೆಣ್ಣಿಯ ತವರಿಗೆ, ಅಲ್ಲಿಂದ ಅವರ ಬೀಗರಿಗೆ. ಯಾರೂ ಒಂದು ಪೈಸೆ ತೆಗೆದುಕೊಂಡವರಲ್ಲ. ಎಲ್ಲರೂ ತಮ್ಮ ಮನೆಮಟ್ಟಿಗೇ ಇಳಿಸಿಕೊಂಡರು.

ಮರುವರ್ಷ ಆ ನೆಗೆಣ್ಣಿಯ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಬಾಗೇವಾಡಿಗೆ ಹೋಗಿದ್ದೆ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಗೂಡಿನಲ್ಲಿ ಟೇಪು ಹಚ್ಚಿದ್ದರು. ಹಾಡಿನ ನಡುವೆ ನಮ್ಮ ಎಮ್ಮೆ ಒದರಿತು, ನಮ್ಮ ಅತ್ತೆ ಕೆಮ್ಮಿದರು. ನನಗೆ ನಗು ಬಂತು. ಬಾಯಿ ಮುಚ್ಚಿಕೊಂಡೇ ನಾದಿನಿಯನ್ನು ಕೇಳಿದೆ, “ನಿಮ್ಮಲ್ಲಿ ಕುಬಸಕ್ಕ ನಮ್ಮ ಈ ಹಾಡಾಕೀನ್ನಽ ಕರಸ್ತಿದ್ರೆಲ್ಲವಾ? ಬರಲಿಲ್ಲೇನು ಆಕಿ?”

“ಆಕೀನ್ನ ಯಾಕ ಕರಸೋದು, ವೈನಿ? ದನಿ ಮನ್ಯಾಗಽ ಐತಿ. ಆಕಿ ಬಂದ್ರ ನಾಕು ಮಂದಿಗೆ ಉಣ್ಣಾಕ ಹಾಕಬೇಕು, ಇರಾಕ ಜಾಗಾ ಕೊಡಬೇಕು. ಇದಕ್ಕ ಎರಡು ಸೆಲ್ಲು ಹಾಕಿದ್ರ ಆತು.”

ಅವಳು ಕೆಟ್ಟವಳಲ್ಲ. ಕೈ ಬಿಚ್ಚಿ ಕೊಡುವ ಹೆಣ್ಣುಮಗಳು. ಬಸ್ಸಿನಲ್ಲಿ ಮರಳುವಾಗ ಯಾರನ್ನು ಬೈಯಬೇಕೆಂದು ಯೋಚಿಸುತ್ತ ಕೂತೆ. ಬೈಯಲು ಒಬ್ಬರೂ ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಮುಂದಿನ ಸುಗ್ಗಿಗೆ ನಾನು ಆರು ತಿಂಗಳ ಬಸುರಿ. ಹಿಂದಿನ ವರ್ಷ ನನಗೂ ಒಂದು ಹೋಗಿತ್ತು, ಅದರ ಅಂಜಿಕೆ ನನಗಿಂತ ಅತ್ತೆಗೆ ಹೆಚ್ಚು. ಬೇರೇನೂ ಬಾಯಿಬಿಟ್ಟು ಬೇಡದ ಹೆಂಗಸು ದಿನಾ ಒಂದೇ ಮಾತು ಹೇಳುತ್ತಿದ್ದರು, “ಆಕಿ ಬಂದು ಹರಕಿ ಹಾಡಿ ಹೋಗ್ಲಿ, ನಾ ನಿಶ್ಚಿಂತಿ ಆಗತೇನಿ.” ನನಗೆ ಅಂಥದರಲ್ಲಿ ನಂಬಿಕೆ ಕಡಿಮೆ. ಮಗಳು ಆರೋಗ್ಯವಾಗಿಯೇ ಹುಟ್ಟಿದಳು, ಅದು ಬೇರೆ ಮಾತು. ಆದರೆ ಅವರ ಕಾಯುವಿಕೆ ನೋಡಿ ನಾನೂ ಹಾದಿ ನೋಡತೊಡಗಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅವಳು ಬಂದಳು. ಒಬ್ಬಳೇ, ಕೈಯಲ್ಲಿ ತುಂತುಣಿ ಅಷ್ಟೇ. ಸೊಲ್ಲಿನವರು ಎಲ್ಲಿ ಅಂದರೆ ಕೂಲಿಗೆ ಹೋಗಿದ್ದಾರೆ ಅಂದಳು. “ಕರಿಯೋರು ಕಡಿಮಿ ಆಗ್ಯಾರ್ರಿ ಅವ್ವಾರ. ಹೋದ ಮನ್ಯಾಗೆಲ್ಲಾ ನಾ ಮೊದಲಽ ಬಂದು ಕುಂತಿರತೇನಿ.” ಹೇಳಿ ನಕ್ಕಳು. ಅತ್ತೆ ಗಡಿಗೆಯ ಜೋಳವನ್ನೆಲ್ಲ ತಂದು ಮುಂದಿಟ್ಟರು. “ಇದು ಕಡಿಮಿ ಐತಿ ಯವ್ವಾ. ಎಲ್ಲೆಲ್ಲಿ ಹಾಡಸ್ತಾರೋ ನನಗ ಕೇಳಸಂಗಿಲ್ಲ.”

“ಹಾಡದಽ ಹ್ಯಾಂಗ ಒಯ್ಯಲ್ರಿ? ಹಾಡಂತ ಅನ್ರಿ ಒಮ್ಮೆ.”

“ಹಾಡು ಯವ್ವಾ,” ಅಂದರು ಅತ್ತೆ. ನನ್ನನ್ನು ಕರೆದು ಪಡಸಾಲೆಯ ಕಂಬಕ್ಕೆ ಒರಗಿಸಿ ಕೂರಿಸಿದರು.

ಅವಳು ಹಾಡಿದಳು. ದನಿ ಸ್ವಲ್ಪ ಇಳಿದಿತ್ತು. ಸೊಲ್ಲಿನವರಿಲ್ಲದ್ದಕ್ಕೆ ಅಲ್ಲಲ್ಲಿ ನಿಲ್ಲಿಸಿ ತಾನೇ ತುಂಬಿಕೊಳ್ಳುತ್ತಿದ್ದಳು, ಒಂದೆರಡು ಮಾತು ಬದಲಿಸಿಯೂ ಹಾಡಿದಳು. ನನ್ನ ಗಂಡ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು. ಅವಳ ಹಾಡೆಂದರೆ ಅವರಷ್ಟು ಪ್ರಾಣ ಬಿಡುವವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಎರಡನೆಯ ನುಡಿಗೆ ಅವರ ಕೈ ನಿಂತಿತು.

“ಅಕ್ಕಾರ, ಹಂಗಲ್ರಿ. ಪ್ಲೇಟಿನ್ಯಾಗ ಅಲ್ಲಿ ನೀವು ಒಂಚೂರು ತಡದು ಮ್ಯಾಲೆ ಎತ್ತಿಕೊಂಡೀರಿ. ಆ ಮಾತೂ ಬ್ಯಾರೆ ಐತಿ.”

ಅವಳು ತುಂತುಣಿ ನಿಲ್ಲಿಸಿದಳು. “ಹೌದ್ರಿ, ಅಣ್ಣಾರ?”

“ಹೌದ್ರಿ. ಬೇಕಾದ್ರ ಹಚ್ಚತೇನಿ, ಕೇಳ್ರಿ.”

ಕೊಂಕಿನಿಂದ ಹೇಳಿದ್ದಲ್ಲ. ಗುರುವಿಗೆ ಮರೆತದ್ದನ್ನು ನೆನಪಿಸುವ ಶಿಷ್ಯನ ವಿನಯವಿತ್ತು ಅದರಲ್ಲಿ. ಟೇಪು ತಂದು ಅವಳ ಮುಂದೆ ಇಟ್ಟು ಹಚ್ಚಿದರು. ಆ ಹೆಂಗಸು ತಲೆ ವಾಲಿಸಿ ತನ್ನದೇ ಹಿಂದಿನ ದನಿಯನ್ನು ಪೂರ್ತಿ ಕೇಳಿದಳು. ಮೂವರು ಹೆಂಗಸರು ಸೊಲ್ಲು ಎತ್ತಿಕೊಳ್ಳುವಲ್ಲಿ ಅವಳ ತುಟಿಗಳು ಅಲುಗಿದವು. ನನಗೆ ಆ ಯಂತ್ರವನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು.

ಟೇಪು ನಿಂತ ಮೇಲೆ ಅವಳು ಮೊದಲಿಂದ ಹಾಡಿದಳು. ತಡೆಯಬೇಕಾದಲ್ಲಿ ತಡೆದಳು, ಎತ್ತಬೇಕಾದಲ್ಲಿ ಎತ್ತಿದಳು. ಒಂದು ಮಾತೂ ತಪ್ಪಲಿಲ್ಲ. ನನ್ನ ಗಂಡ ಹಿಗ್ಗಿ “ಈಗ ಬಂತು ನೋಡ್ರಿ” ಅಂದರು. ಅತ್ತೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು. ಕೊನೆಯ ಮಾತು ಮುಗಿಯಿತು. ಹಾಡುವವಳು ತುಂತುಣಿ ಕೆಳಗಿಟ್ಟಳು.

“ಯವ್ವಾ, ಹರಕಿ?” ಅಂದರು ಅತ್ತೆ.

ಅವಳು ಟೇಪಿನ ಕಡೆ ನೋಡಿದಳು, ನನ್ನ ಗಂಡನ ಕಡೆ ನೋಡಿದಳು. ಸಿಟ್ಟಿನಿಂದ ಅಂದಳೋ, ನಿಜವಾಗಿ ಹಾಗೇ ತಿಳಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

“ಅದರಾಗ ಅದು ಇಲ್ಲಲ್ರಿ, ಅವ್ವಾರ,” ಅಂದಳು.