ಠಾಣೆಯಲ್ಲಿ ಕೊಟ್ಟ ಕುರ್ಚಿ

ಹವಾಲ್ದಾರನಾಗಿ ಇಷ್ಟು ವರ್ಷ ಗದರಿಸಿಯೇ ಕೆಲಸ ಸಾಗಿಸಿದವನು ನಾನು. ಧಾರವಾಡದಲ್ಲಿ ಎರಡು ದಿನ ಮನಃಶಾಸ್ತ್ರದ ತರಬೇತಿಗೆ ಕಳಿಸಿದಾಗ ಒಳಗೊಳಗೇ ನಕ್ಕಿದ್ದೆ. ‘ಬಂದವರನ್ನು ಕೂರಿಸಿ, ನೀರು ಕೊಡಿ, ದನಿ ತಗ್ಗಿಸಿ. ಆದರೆ ಎಲ್ಲಕ್ಕಿಂತ ಮೊದಲು, ನಿಮಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಹೇಳಿಬಿಡಿ’ ಎಂದಿದ್ದರು ಪಾಠ ಮಾಡಿದ ಮೇಡಂ. ಆ ಕೊನೆಯ ಮಾತು ನನ್ನ ತಲೆಯಲ್ಲಿ ನಿಲ್ಲಲೇ ಇಲ್ಲ.

ತರಬೇತಿ ಮುಗಿಸಿ ಬಂದ ಮರುದಿನ ಬೆಳಿಗ್ಗೆ ತಿರ್ಲಾಪುರದ ಹೆಣ್ಣುಮಗಳೊಬ್ಬಳು ಠಾಣೆಗೆ ಬಂದಳು. ಕಾಲೇಜಿಗೆ ಹೋದ ಈಕೆಯ ಮಗಳು ಮನೆಗೆ ಮರಳಿಲ್ಲವೆಂದು ಹುಡುಗಿಯ ಸೋದರಮಾವ ಹಿಂದಿನ ಸಂಜೆಯೇ ದೂರು ಬರೆಸಿದ್ದ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು ಬಾಗಿಲಲ್ಲೇ ನಿಂತಳು. ನಾನು ಕುರ್ಚಿ ಎಳೆದೆ, ತಂಬಿಗೆ ನೀರು ತಂದೆ.

“ಕುಂದರ್ರಿ ಯವ್ವಾ. ಮೊದಲ ನೀರು ಕುಡೀರಿ,” ಎಂದೆ, ಮೆತ್ತಗೆ.

ಆಕೆ ಕುರ್ಚಿ ನೋಡಿದಳು, ನನ್ನ ಮುಖ ನೋಡಿದಳು. ಹಾಗೇ ನೆಲಕ್ಕೆ ಕುಸಿದಳು.

“ಸಾಹೇಬ್ರ, ನನ್ನ ಮಗಳ ಹೆಣಾ ಎಲ್ಲಿ ಸಿಕ್ತ್ರಿ?”

ತಂಬಿಗೆಯನ್ನು ಆಕೆಯ ಪಕ್ಕಕ್ಕಿಟ್ಟು ಬಗ್ಗಿದೆ.

“ಯಾರ ಹೇಳಿದ್ರು ಹಂಗಂತ?”

“ಹೊಲದ ಬದುವಿನ ಜಗಳಕ್ಕ ಬಂದಾಗ ತಾಸಗಟ್ಲೆ ನಿಲ್ಲಿಸಿ ಬೈದಿದ್ರಿ. ಇವತ್ತ ಕುರ್ಚಿ ಕೊಡಾಕತ್ತೀರಿ. ನನಗ ತಿಳೀದಿಲ್ಲೇನ್ರಿ?”

ಬೈದದ್ದು ನಿಜ. ನಾಚಿಕೆಯಾಯಿತು. ಮೇಡಂ ಹೇಳಿದ ಕೊನೆಯ ಮಾತು ಆಗ ನೆನಪಾಯಿತು.

“ನಮಗ ಇನ್ನೂ ಏನೂ ಗೊತ್ತಾಗಿಲ್ಲ ಯವ್ವಾ. ಕಾಲುವಿ ಬಾಜು ಇಬ್ಬರು ಹುಡುಕಾಕ ಹೋಗ್ಯಾರ. ಏನೂ ಸಿಕ್ಕಿಲ್ಲ. ಸಿಕ್ಕರ ಮುಚ್ಚಿಡೂದಿಲ್ಲ.”

ನಂಬಿದಳೋ ಇಲ್ಲವೋ, ಎದ್ದು ಕುರ್ಚಿಗೆ ಬರಲಿಲ್ಲ. ಗೋಡೆಗೊರಗಿ ಕುಳಿತಳು. ಆ ವಾರ ಕಾಲುವೆಗೆ ನೀರು ಬಿಟ್ಟಿದ್ದರು, ದಂಡೆಗೆ ತಾಗಿ ಹರಿಯುತ್ತಿತ್ತು. ಫೋನ್ ರಿಂಗಾದಾಗಲೆಲ್ಲ ಇಬ್ಬರೂ ಬೆಚ್ಚುತ್ತಿದ್ದೆವು. ಆಕೆಯ ಕಣ್ಣು ತಪ್ಪಿಸಲು ಖಾಲಿ ಕಾಗದದ ಮೇಲೆ ಏನೇನೋ ಗೀಚುತ್ತಾ ಕೂತೆ.

ಮಧ್ಯಾಹ್ನದ ಹೊತ್ತಿಗೆ ದುಮ್ಮವಾಡದಿಂದ ಕರೆ ಬಂತು. ಹುಡುಗಿ ಅಲ್ಲಿಯ ಗೆಳತಿಯ ಮನೆಯಲ್ಲಿದ್ದಳು. ಪರೀಕ್ಷೆಯಲ್ಲಿ ಫೇಲಾಗಿದ್ದನ್ನು ಮನೆಯಲ್ಲಿ ಹೇಳಲು ಹೆದರಿ ಫೋನ್ ಬಂದ್ ಮಾಡಿಕೊಂಡಿದ್ದಳಂತೆ. ಫೋನ್ ಹಿಡಿದೇ, ಮೆತ್ತಗೆ ‘ಯವ್ವಾ’ ಎನ್ನುತ್ತಾ ತಾಯಿಯ ಕಡೆ ತಿರುಗಿದೆ.

ಆಕೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

“ಏ ಯವ್ವಾ, ಅದಾಳ ಬೇ! ಆರಾಮ ಅದಾಳ!” ಎಂದು ಠಾಣೆ ಹಾರಿಹೋಗುವಂತೆ ಕೂಗಿದೆ. ಕೈ ಸರಿಸಿ ಫೋನನ್ನು ಅವಳ ಕಿವಿಗೆ ಹಿಡಿದೆ. ಆ ಕಡೆಯಿಂದ ಮಗಳ ಅಳು ಕೇಳಿಸಿತು. ಇವಳೂ ಅತ್ತಳು.

ಆಮೇಲೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ.