ಎರಡು ಕಿವಿಗೆ ಎರಡು ನಾಬ್

ಆ ಬೀದಿಯಲ್ಲಿ ಕನ್ನಡಕದ ಅಂಗಡಿಯವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎದುರಿಗೆ ಬಂದರೆ 'ಸಾರ್', ಬೆನ್ನು ತಿರುಗಿದರೆ 'ಒಂದಾ-ಎರಡಾ'. ಕಣ್ಣು ಪರೀಕ್ಷೆಗೆ ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ದುಂಡು ಫ್ರೇಮ್ ಏರಿಸಿ, ಅದರೊಳಗೆ ಒಂದು ಗಾಜು ಇಟ್ಟು, ಅದನ್ನು ತೆಗೆದು ಇನ್ನೊಂದು ಇಟ್ಟು, "ಯಾವುದು ಚೆನ್ನಾಗಿ ಕಾಣುತ್ತೆ? ಒಂದಾ? ಎರಡಾ?" ಎಂದು ಕೇಳುವುದು ಅವರ ಕಸುಬು. ಕೇಳಿ ಕೇಳಿ ಆ ಮಾತು ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಹೆಂಡತಿ ಎರಡು ಸೀರೆ ಎತ್ತಿ ಹಿಡಿದು ಯಾವುದು ಉಡಲಿ ಎಂದರೆ, ಉತ್ತರ ಹೇಳುವುದು ಬಿಟ್ಟು ಅವಳಿಗೇ "ಒಂದಾ? ಎರಡಾ?" ಎಂದು ಕೇಳುತ್ತಿದ್ದರು.

ಊರಿನವರಿಗೆಲ್ಲ ಬೇಗ ಬೇಗ ಹೇಳಿ ಎಂದು ದಬಾಯಿಸುವ ಈ ಮನುಷ್ಯನಿಗೆ ತಾನಾಗಿ ಒಂದು ಕರವಸ್ತ್ರ ಆರಿಸಲೂ ಬರುತ್ತಿರಲಿಲ್ಲ. ಚಪ್ಪಲಿ ಅಂಗಡಿಗೆ ಹೋದರೆ ಅಂಗಡಿಯವನಿಗೇ ಸಾಕುಸಾಕಾಗಿ ಹೋಗುತ್ತಿತ್ತು. ಗಲ್ಲಾದ ಮೇಲೆ ಕೂರುತ್ತಿದ್ದ ಹೆಂಡತಿ, "ಇವರು ನನ್ನನ್ನ ಹೇಗೆ ಒಪ್ಪಿಕೊಂಡ್ರೋ ದೇವರಿಗೇ ಗೊತ್ತು. ಆವತ್ತು ಇನ್ನೊಬ್ಬಳು ಪಕ್ಕದಲ್ಲಿ ನಿಂತಿರ್ಲಿಲ್ಲ, ನನ್ನ ಪುಣ್ಯ" ಎಂದು ಗಿರಾಕಿಗಳ ಎದುರಿಗೇ ಹೇಳುತ್ತಿದ್ದಳು. ಅವರು ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅವರದು ಇನ್ನೊಂದು ಚಾಳಿ. ಗಿರಾಕಿ ಹಳೆಯ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರೆ, ಅದನ್ನು ಎತ್ತಿ ತಮ್ಮ ಕಣ್ಣಿಗೇ ಏರಿಸಿಕೊಂಡು ಒಂದು ಗಳಿಗೆ ಬೀದಿ ನೋಡುತ್ತಿದ್ದರು. ನಂಬರ್ ಅಳೆಯಲು ಯಂತ್ರವಿತ್ತು, ಅದೇನೂ ಬೇಕಿರಲಿಲ್ಲ. ಆದರೂ ಹಾಗೆ ನೋಡದಿದ್ದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. "ಪಾಪ, ಇಷ್ಟು ಮಸುಕಾಗಿತ್ತಾ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು ಆಮೇಲೆ ಕೆಲಸಕ್ಕೆ ಕೈ ಹಾಕುತ್ತಿದ್ದರು.

ಅಂಗಡಿಯ ಮೇಲೆ ಮನೆ. ಮನೆಯಲ್ಲಿ ಗಂಡ, ಹೆಂಡತಿ, ಮತ್ತೆ ಗಂಡನ ಅಕ್ಕ. ತಂದೆ ತಾಯಿ ಬೇಗ ಹೋದಾಗ ಅಕ್ಕನಿಗೆ ಇನ್ನೂ ಓದುವ ವಯಸ್ಸು. ಓದು ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಳು. ಎಡಗಿವಿಗೆ ರಿಸೀವರ್ ಕಟ್ಟಿಕೊಂಡು, ಬಲಗಿವಿಯನ್ನು ಮೇಲ್ವಿಚಾರಕಿಯ ಕೂಗಿಗೆ ಬಿಟ್ಟುಕೊಂಡು, ಇಡೀ ನೌಕರಿ ಮುಗಿಸಿದಳು. ಊರಿನ ಸಾವು, ಹುಟ್ಟು, ಜಗಳ, ವ್ಯಾಪಾರ ಎಲ್ಲವೂ ಅವಳ ಎಡಗಿವಿಯ ದಾರಿಯಿಂದಲೇ ಹಾದುಹೋದವು. ಆ ಸಂಬಳದಲ್ಲೇ ತಮ್ಮ ಬೆಳೆದ, ಕಣ್ಣು ಪರೀಕ್ಷೆಯ ಕೋರ್ಸು ಓದಿದ, ಅಂಗಡಿ ಹಾಕಿದ. ಅಕ್ಕ ಮದುವೆಯ ಮಾತು ಎತ್ತಿದವರಿಗೆ, "ಲೈನು ಬಿಜಿ ಇದೆ" ಎಂದು ಹೇಳಿ ನಗಿಸಿ ಕಳಿಸುತ್ತಿದ್ದಳಂತೆ.

ನಿವೃತ್ತಿಯ ದಿನ ಜೊತೆಯ ಹೆಂಗಸರೆಲ್ಲ ಸೇರಿ ಅವಳಿಗೊಂದು ಹೆಡ್‌ಫೋನ್ ಕೊಟ್ಟಿದ್ದರು. ರೆಕಾರ್ಡಿಂಗ್ ಕೋಣೆಗಳಲ್ಲಿ ಹಾಕಿಕೊಳ್ಳುವಂಥ, ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್. ಅಕ್ಕನಿಗೆ ಕೊಳಲು ಅಂದರೆ ಪ್ರಾಣ. "ಇಷ್ಟು ವರ್ಷ ಹಲೋ ಹಲೋ ಅನ್ನೋದೇ ಕೇಳಿದ್ದಾಯ್ತು. ಇನ್ನು ಯಾರೂ ನಂಬರ್ ಕೇಳದೆ ಇರೋ ಅಂಥದ್ದು ಏನಾದ್ರೂ ಕೇಳ್ಬೇಕು" ಎಂದು ಅದನ್ನು ಮೊಬೈಲಿಗೆ ಸಿಕ್ಕಿಸಿ ಕೂತಳು. ಕೊಳಲು ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಗುಂಯ್ ಎಂದಿತು.

ಬೀದಿಯ ಕೊನೆಯ ರೇಡಿಯೊ ರಿಪೇರಿಯವರು ಹೆಡ್‌ಫೋನನ್ನು ತಿರುಗಿಸಿ ನೋಡಿ ಹೇಳಿದರು: "ಇದು ಹಳೇ ಕಾಲದ ಗಟ್ಟಿ ಮಾಲು. ಮೊಬೈಲಿಗೆಲ್ಲ ಬಗ್ಗಲ್ಲ. ಇದಕ್ಕೆ ವಾಲ್ವ್ ಆಂಪ್ಲಿಫೈಯರ್ ಆಗ್ಬೇಕು." ವಾಲ್ವ್ ಅಂದರೆ ಹಳೆಯ ರೇಡಿಯೊಗಳ ಬೆನ್ನಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಆ ಗಾಜಿನ ಬುರುಡೆ. ಚಿಕ್ಕಂದಿನಿಂದ ಬೆಸುಗೆಯ ಹುಚ್ಚಿದ್ದ ತಮ್ಮ ಅಲ್ಲೇ ನಿಂತು ಅಕ್ಕನಿಗೆ ಮಾತು ಕೊಟ್ಟುಬಿಟ್ಟರು. "ಕೊಂಡ್ಕೊಳ್ಳೋದೇನೂ ಬೇಡಕ್ಕ. ನಾನೇ ಮಾಡಿಕೊಡ್ತೀನಿ."

ಮಾಡುವುದು ಸುಲಭವಿತ್ತು, ಯಾವುದನ್ನು ಮಾಡುವುದು ಎನ್ನುವುದು ಬಗೆಹರಿಯಬೇಕಲ್ಲ! ಒಂದು ನಮೂನೆಯಲ್ಲಿ ವೋಲ್ಟೇಜು ಕಡಿಮೆ, ಮುಟ್ಟಿದರೂ ಪ್ರಾಣಭಯವಿಲ್ಲ. ಆದರೆ ಬಲ ಸಾಲದು ಎನ್ನುವವರಿದ್ದರು. ಇನ್ನೊಂದರಲ್ಲಿ ಬಲ ಬೇಕಾದಷ್ಟು. ಆದರೆ ಸ್ವಿಚ್ ಆರಿಸಿದ ಮೇಲೂ ಒಳಗೆ ಕರೆಂಟು ಕೂತಿರುತ್ತದೆ, ಕೈ ಇಟ್ಟರೆ ಮನುಷ್ಯನನ್ನೇ ಆರಿಸಿಬಿಡುತ್ತದೆ. ಮೂರನೆಯದಕ್ಕೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರುಗಳು ಬೇಕು. ಇಂಟರ್ನೆಟ್ಟಿನಲ್ಲಿ ಒಬ್ಬ ಈ ವಾಲ್ವಿನ ಸ್ವರ ಬೆಚ್ಚಗಿರುತ್ತದೆ ಎಂದು ಬರೆದರೆ ಇನ್ನೊಬ್ಬ ಅದನ್ನೇ ಮಂಕು ಎಂದು ಬರೆದಿದ್ದ. ನಮ್ಮವರು ಇಬ್ಬರದನ್ನೂ ಓದಿ ಇಬ್ಬರಿಗೂ ತಲೆಯಾಡಿಸುತ್ತಿದ್ದರು. ಮಳೆ ಬಂತು, ಮಳೆ ನಿಂತಿತು, ಮತ್ತೆ ಮಳೆ ಬಂತು. ಮೇಜಿನ ಮೇಲೆ ಸರ್ಕ್ಯೂಟಿನ ಹಾಳೆಗಳು ಹೆಚ್ಚಿದವೇ ಹೊರತು ಒಂದು ತಂತಿಯೂ ಇನ್ನೊಂದಕ್ಕೆ ಸೇರಲಿಲ್ಲ.

ಈ ನಡುವೆ ಅಕ್ಕನ ಕಿವಿ ಮಂದವಾಗುತ್ತ ಬಂದಿತ್ತು. ಕುಕ್ಕರ್ ಕೂಗಿದ್ದು ಅವಳಿಗೆ ತಡವಾಗಿ ತಿಳಿಯುತ್ತಿತ್ತು. ಕಿವಿಯ ಡಾಕ್ಟರು, "ಈ ವಯಸ್ಸಿಗೆ ಇದು ಹಿಂದಕ್ಕಂತೂ ಬರಲ್ಲ. ನಿಧಾನವಾಗಿ ಹೋಗ್ತಾ ಇರುತ್ತೆ. ಎಷ್ಟು ನಿಧಾನ ಅಂತ ಹೇಳೋದು ಕಷ್ಟ. ಕೇಳೋದಿದ್ರೆ ಈಗಲೇ ಕೇಳಿಸ್ಕೊಳ್ಳಿ" ಎಂದಿದ್ದರು. ಆ ಮಾತು ಕೇಳಿದ ದಿನ ಹೆಂಡತಿ ಹಾಳೆಗಳ ರಾಶಿಯನ್ನು ನೋಡಿ ಸಿಡಿದಳು.

"ರೀ, ಅತ್ತಿಗೆ ಕಿವಿ ಪೂರ್ತಿ ಹೋದ್ಮೇಲೆ ಮಾಡ್ತೀರಾ? ಆಗ ಯಾವ ವಾಲ್ವ್ ಹಾಕಿದ್ರೂ ನಡೆಯುತ್ತೆ ಬಿಡಿ, ಆರಿಸೋ ಕಷ್ಟವೇ ಇರಲ್ಲ."

ಮಾತು ನಾಟಿತು. ಅವರಿಗೆ ಆವತ್ತು ಊಟ ಸೇರಲಿಲ್ಲ. ಅಕ್ಕ ಮಾತ್ರ, "ಅವನ ಮೇಲೆ ಯಾಕೆ ರೇಗ್ತೀಯ? ಅವನು ಹುಟ್ಟುವಾಗಲೇ ಎರಡು ವಾರ ತಡ ಮಾಡಿ ಬಂದವನು. ಹೊರಗೆ ಬರಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದ ಅನ್ಸುತ್ತೆ" ಎಂದು ನಕ್ಕಳು.

ಮರುದಿನವೇ ಅವರು ರೇಡಿಯೊ ರಿಪೇರಿಯವರ ಹತ್ತಿರ ಹೋಗಿ, ಅವರು ಯಾವಾಗಲೋ ಕಟ್ಟಿಟ್ಟಿದ್ದ ಎರಡು ಆಂಪ್ಲಿಫೈಯರುಗಳನ್ನು ಕೇಳಿ ತಂದರು. ಒಂದು ಕಡಿಮೆ ವೋಲ್ಟೇಜಿನದು, ಇನ್ನೊಂದು ಪ್ರಾಣಭಯದ್ದು. ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ತಾವೇ ಹೆಡ್‌ಫೋನ್ ಹಾಕಿಕೊಂಡು ಅದೊಮ್ಮೆ ಇದೊಮ್ಮೆ ಕೇಳುತ್ತ, ಹುಬ್ಬು ಗಂಟಿಕ್ಕಿಕೊಂಡು, ಮತ್ತೆ ಮೀನ ಮೇಷ ಎಣಿಸುತ್ತ ಕೂತರು. ಮೆಟ್ಟಿಲಿಳಿದು ಬಂದ ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಣ್ಣು ಪರೀಕ್ಷೆಯ ಕುರ್ಚಿಯನ್ನು ಹತ್ತಿ ಕೂತುಬಿಟ್ಟಳು.

"ಕೇಳೋಳು ನಾನೋ ನೀನೋ? ಕನ್ನಡಕ ಬೇಕಾದವರನ್ನ ಹೊರಗೆ ನಿಲ್ಲಿಸಿ ನಿನ್ನ ಕಣ್ಣನ್ನೇ ಪರೀಕ್ಷೆ ಮಾಡ್ಕೋತೀಯೇನೋ? ಹಾಕು ಇಲ್ಲಿ."

ಅವರು ನಾಚಿಕೊಂಡು ಹೆಡ್‌ಫೋನನ್ನು ಅಕ್ಕನ ತಲೆಗೆ ಏರಿಸಿದರು. ಎರಡೂ ಪೆಟ್ಟಿಗೆಗಳ ಮೇಲೆ ಬಟ್ಟೆ ಹೊದಿಸಿ, ಒಂದೇ ಕೊಳಲಿನ ತುಣುಕನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಕೇಳಿಸಿ, ಅಭ್ಯಾಸದ ಗತ್ತಿನಲ್ಲಿ ಕೇಳಿದರು.

"ಯಾವುದು ಚೆನ್ನಾಗಿದೆ? ಒಂದಾ? ಎರಡಾ?"

"ಎರಡ್ರಲ್ಲೂ ಬಲಗಡೆಯೇ ನುಡಿಸ್ತಿದ್ದಾನೆ ಕಣೋ. ಎಡಗಡೆ ಯಾರೂ ಇಲ್ಲ."

ತಂತಿ ಬಿಟ್ಟಿರಬೇಕು ಎಂದುಕೊಂಡು ಅವರು ಹೆಡ್‌ಫೋನನ್ನು ಹಿಂದು ಮುಂದಾಗಿ ತಿರುಗಿಸಿ ಹಾಕಿದರು. ತಂತಿ ಬಿಟ್ಟಿದ್ದರೆ ಈಗ ಎಡಗಡೆ ಕೇಳಬೇಕಿತ್ತು. ಅಕ್ಕ ಆಗಲೂ ಬಲಗಡೆಯನ್ನೇ ತೋರಿಸಿದಳು. ಆಗ ಕನ್ನಡಕದವರಿಗೆ ಒಂದೊಂದೇ ಹೊಳೆಯತೊಡಗಿತು. ಊಟದ ಮೇಜಿನಲ್ಲಿ ಅಕ್ಕ ಯಾವಾಗಿನಿಂದಲೋ ಗೋಡೆಯ ಕಡೆಯ ಕುರ್ಚಿಗೆ ಬದಲಾಗಿದ್ದಳು, ಅಲ್ಲಿ ಕೂತರೆ ಎಲ್ಲರೂ ಅವಳ ಬಲಕ್ಕೆ ಸಿಗುತ್ತಿದ್ದರು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಹೇಳಿದ್ದಳು, ಮನೆಯವರು ನಂಬಿದ್ದರು. ಡಾಕ್ಟರ ಹತ್ತಿರವೂ ಪರೀಕ್ಷೆಯ ಕೋಣೆಗೆ ಒಬ್ಬಳೇ ಹೋಗಿ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

"ಎಡಗಿವಿ ಇಷ್ಟು ಹೋಗಿದೆ ಅಂತ ಯಾಕೆ ಹೇಳಲಿಲ್ಲಕ್ಕ?"

"ಹೇಳಿದ್ರೆ ಏನು ಮಾಡ್ತಿದ್ದೆ? ಯಾವ ಡಾಕ್ಟರು, ಒಂದಾ ಎರಡಾ ಅಂತ ಕೂತ್ಕೋತಿದ್ದೆ" ಎಂದಳು ಅಕ್ಕ. ಆಮೇಲೆ ತಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ಇನ್ನೂ ಪೂರ್ತಿ ಹೋಗಿಲ್ಲ ಮಾರಾಯ. ಸ್ವಲ್ಪ ಜೋರು ಮಾಡಿದ್ರೆ ಕೇಳುತ್ತೆ. ಆದ್ರೆ ಜೋರು ಮಾಡಿದ್ರೆ ಬಲಗಿವಿ ಒಡೆದು ಹೋಗೋ ಹಾಗಾಗುತ್ತೆ. ಇರೋದು ಒಂದೇ ನಾಬು ನೋಡು. ನೀನು ಯಾರಿಗಾದ್ರೂ ಎರಡು ಕಣ್ಣಿಗೂ ಒಂದೇ ನಂಬರ್ ಹಾಕಿ ಕೊಟ್ಟಿದ್ದೀಯಾ?"

ಕನ್ನಡಕದವರು ಸರ್ಕ್ಯೂಟಿನ ಹಾಳೆಗಳನ್ನು ಎಳೆದುಕೊಂಡು ಒಂದೊಂದನ್ನೇ ತಿರುವಿ ನೋಡಿದರು. ಇಷ್ಟು ದಿನ ಎಷ್ಟು ಹಾಳೆ ಓದಿದ್ದರು! ಎಲ್ಲ ಸರ್ಕ್ಯೂಟಿನಲ್ಲೂ ಎರಡು ಕಿವಿಗೆ ಸೇರಿ ಒಂದೇ ನಾಬ್ ಇತ್ತು, ಅದು ಅವರ ಕಣ್ಣಿಗೇ ಬಿದ್ದಿರಲಿಲ್ಲ. ಕುರ್ಚಿಗೆ ಬಂದ ಪ್ರತಿಯೊಬ್ಬರ ಒಂದು ಕಣ್ಣು ಮುಚ್ಚಿಸಿ ಇನ್ನೊಂದನ್ನು ನೋಡುವುದು ಅವರ ಕಸುಬಿನ ಮೊದಲ ಪಾಠ. ಇಬ್ಬರ ಕಣ್ಣು ಹೋಗಲಿ, ಒಬ್ಬರದೇ ಎರಡು ಕಣ್ಣು ಸಮ ಇರುವುದಿಲ್ಲ ಎಂದು ದಿನಾ ಹೇಳುತ್ತಿದ್ದವರು ಸ್ವಂತ ಅಕ್ಕನ ಎರಡು ಕಿವಿಯನ್ನು ಒಂದೇ ಎಂದುಕೊಂಡಿದ್ದರು. ಎಲಾ ನನ್ನ ತಲೆಯೇ ಎಂದು ಹಣೆ ಬಡಿದುಕೊಂಡರು.

ಆಮೇಲೆ ಅವರು ಹಿಂದೆ ಮುಂದೆ ನೋಡಲಿಲ್ಲ. ಹೆಡ್‌ಫೋನಿನ ಒಂದು ಬದಿಯನ್ನು ಮಾತ್ರ ಅಕ್ಕನ ಕಿವಿಗೆ ಹಿಡಿದು, ಬಲ ಬೇರೆ ಎಡ ಬೇರೆ, ಎರಡೂ ಪೆಟ್ಟಿಗೆಗಳಲ್ಲಿ ಪರೀಕ್ಷೆ ಮಾಡಿದರು. ಎಡಗಿವಿ ತಲುಪುವಷ್ಟು ಬಲ ಪ್ರಾಣಭಯದ ಪೆಟ್ಟಿಗೆಗೆ ಮಾತ್ರ ಇತ್ತು. ಎಷ್ಟರವರೆಗೆ ಏರಿಸಬಹುದು ಎಂದು ಡಾಕ್ಟರನ್ನು ಕೇಳಿಕೊಂಡು ಬಂದರು. ನಮೂನೆ ಗೊತ್ತಾಯಿತು, ವಾಲ್ವ್ ಗೊತ್ತಾಯಿತು, ನಾಬ್ ಎರಡು. ಇವರು ಇಷ್ಟು ಬೇಗ ಒಂದು ತೀರ್ಮಾನಕ್ಕೆ ಬಂದದ್ದನ್ನು ನೋಡಿ ಹೆಂಡತಿ ಜ್ವರ ಗಿರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಪೆಟ್ಟಿಗೆಗೆ ಬೇರೆ ಹುಡುಕಲಿಲ್ಲ. ಅಂಗಡಿ ಹಾಕಿದಾಗ ಅಕ್ಕ ಕೊಡಿಸಿದ್ದ, ಪರೀಕ್ಷೆಯ ಗಾಜುಗಳನ್ನು ಇಡುವ ಮರದ ಪೆಟ್ಟಿಗೆ ಹಳೆಯದಾಗಿ ಅಟ್ಟದ ಮೇಲಿತ್ತು. ಒಳಗಿನ ಮಖಮಲ್ಲು ಕಿತ್ತು, ಮುಚ್ಚಳದ ಜಾಗಕ್ಕೆ ಅಲ್ಯೂಮಿನಿಯಂ ತಗಡು ಕೂರಿಸಿ, ಮುಂದುಗಡೆ ಎರಡು ತೂತು ಕೊರೆದರು. ಕರೆಂಟಿನ ಪೆಟ್ಟಿಗೆಯಲ್ಲಿ ಕೈ ಆಡಿಸುವಾಗ ಒಂದು ಕೈ ಜೇಬಿನಲ್ಲಿರಬೇಕು, ಆಗ ಶಾಕು ಹೊಡೆದರೂ ಎದೆಯ ಮೂಲಕ ಹಾಯುವುದಿಲ್ಲ ಎಂದು ರೇಡಿಯೊ ರಿಪೇರಿಯವರು ಹೇಳಿಕೊಟ್ಟಿದ್ದರು. ಅದನ್ನು ಕೇಳಿಸಿಕೊಂಡಿದ್ದ ಹೆಂಡತಿಗೆ ಅದೇ ಮಂತ್ರವಾಯಿತು. ಅವರು ಪೆಟ್ಟಿಗೆಯ ಹತ್ತಿರ ಹೋದರೆ ಸಾಕು, ಗಲ್ಲಾದಿಂದಲೇ "ರೀ, ಜೇಬು!" ಎಂದು ಕೂಗು. ಕಾರಣ ತಿಳಿಯದ ಗಿರಾಕಿಗಳು ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಕೆಲಸ ಮುಗಿದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಅಕ್ಕನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ವಾಲ್ವುಗಳು ನಿಧಾನವಾಗಿ ಕೆಂಪಾದವು. ಬಲದ ನಾಬನ್ನು ತುಸುವೇ ತಿರುಗಿಸಿದರು, ಎಡದ್ದನ್ನು ಅಕ್ಕನ ಮುಖ ನೋಡುತ್ತ ಸ್ವಲ್ಪ ಸ್ವಲ್ಪವೇ ಏರಿಸಿದರು.

"ಈಗ?"

"ಬಲಗಡೆ."

"ಈಗ?"

"ಬರ್ತಿದಾನೆ... ಇರು, ಇರು." ಅಕ್ಕ ಕಣ್ಣು ಮುಚ್ಚಿದಳು. ಕೈ ತಾನಾಗಿ ಮೇಲೆದ್ದು ಎರಡು ಹುಬ್ಬುಗಳ ನಡುವೆ ನಿಂತಿತು. "ಇಲ್ಲಿ. ಇಲ್ಲಿಗೆ ಬಂದ ಕಣೋ. ನಡುಮಧ್ಯಕ್ಕೆ."

ಆ ಹಾಡು ಮುಗಿಯುವವರೆಗೂ ಅವಳು ಬೆರಳು ತೆಗೆಯಲಿಲ್ಲ. ಮುಗಿದ ಮೇಲೆ ಕೆನ್ನೆ ಒರೆಸಿಕೊಂಡು ಹೆಡ್‌ಫೋನ್ ಕೆಳಗಿಟ್ಟು, "ತಡಿ, ನಿನ್ನ ಹೆಂಡತೀನ ಕರೀತೀನಿ, ಅವಳೂ ನೋಡ್ಲಿ" ಎಂದು ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿದಳು.

ಮೇಜಿನ ಮೇಲೆ ಯಾರದೇ ಕನ್ನಡಕ ಇದ್ದರೂ ಎತ್ತಿ ಕಣ್ಣಿಗೆ ಹಿಡಿಯುವ ಕೈ ಅದು, ಸುಮ್ಮನಿರುತ್ತದೆಯೇ? ನಾಬುಗಳನ್ನು ಮುಟ್ಟದೆ, ಅಕ್ಕನಿಗೆ ಇದ್ದ ಹಾಗೇ ಇಟ್ಟುಕೊಂಡು, ಅವರು ಹೆಡ್‌ಫೋನನ್ನು ತಮ್ಮ ತಲೆಗೆ ಏರಿಸಿಕೊಂಡರು. ಮುಂದಿನ ಹಾಡು ಶುರುವಾಯಿತು. ಎಡಗಿವಿಯ ಮೇಲೆ ಯಾರೋ ಹೊಡೆದ ಹಾಗಾಗಿ ಅವರು ಬೆಚ್ಚಿಬಿದ್ದರು. ಕೊಳಲು ಎಡಗಡೆಯಿಂದ ಕಿರಿಚುತ್ತಿತ್ತು, ಬಲಗಡೆ ಇದೆಯೋ ಇಲ್ಲವೋ ಅನ್ನುವಂತಿತ್ತು. ಅಕ್ಕನಿಗೆ ಸಮವಾಗಿ ಕೇಳಬೇಕಾದರೆ ಇಷ್ಟು ಬೇಕು. ಅಂದರೆ ಇಷ್ಟು ಹೋಗಿದೆ. ಡಾಕ್ಟರ ಚೀಟಿಯನ್ನು ಆಮೇಲೆ ಅವರೂ ಓದಿದ್ದರು, ಓದಿದಾಗ ಅದು ಬರೀ ಅಂಕಿಯಾಗಿತ್ತು. ತನ್ನ ಊಟ, ಬಟ್ಟೆ, ಓದು, ಈ ಅಂಗಡಿ ಎಲ್ಲವನ್ನೂ ಆ ಒಂದು ಕಿವಿ ದುಡಿದು ತಂದಿತ್ತು ಎನ್ನುವುದು ಅವರಿಗೆ ನೆನಪಾಯಿತು. ನೋಯುತ್ತಿದ್ದರೂ ಹೆಡ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ.

ಅಕ್ಕ ಹಿಂದಿರುಗಿ ಬಂದು ನೋಡಿದಳು. ಬೇಗ ಬೇಗ ಬಂದು ತಮ್ಮನ ತಲೆಯಿಂದ ಅದನ್ನು ತೆಗೆದಳು.

"ಅಯ್ಯೋ, ನೀನ್ಯಾಕೆ ಹಾಕ್ಕೊಂಡೆ? ಕಿವಿ ನೋಯಲ್ವೇನೋ?"

"ಎಡಗಡೆ ತುಂಬಾ ಜೋರಿದೆ ಅಕ್ಕ."

"ಗೊತ್ತು ಕಣೋ. ಅದಕ್ಕೇ ನಿಂಗೆ ಕೇಳಿಸ್ಬಾರ್ದು ಅಂತಿದ್ದೆ." ಅಕ್ಕ ಅವರ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡಳು. "ನಂಗೆ ಮಾತ್ರ ನಡುವೆ ಕೇಳ್ತಾ ಇದೆ. ಸಾಲ್ದಾ?"

ಹೆಂಡತಿ ಮೆಟ್ಟಿಲಿಳಿದು ಬರುತ್ತಿದ್ದಳು. ಅವಳೆದುರು ಅಳುವುದೋ ನಗುವುದೋ ಕನ್ನಡಕದವರಿಗೆ ತಿಳಿಯಲಿಲ್ಲ. ಅದೊಂದು ಸಲ ಅವರು ಆರಿಸುವ ಗೋಜಿಗೆ ಹೋಗದೆ, ಎರಡನ್ನೂ ಮಾಡಿದರು.