ಉತ್ತರ ಬರುವವರೆಗೆ

ನನಗೆ ಕಾಯುವ ಸ್ವಭಾವವೇ ಇಲ್ಲ. ಊಟಿ ಬಸ್ಸು ಸ್ವಲ್ಪ ತಡವಾದರೂ ಕಂಡಕ್ಟರನ ಮೇಲೆ ರೇಗುವವಳು ನಾನು. ಅಂಥವಳಿಗೆ, ನಾನು ಪಾಠ ಮಾಡುತ್ತಿದ್ದ ಮಸಿನಗುಡಿಯ ಶಾಲೆಯಲ್ಲಿ, ಐದನೇ ಕ್ಲಾಸಿನ ಒಬ್ಬ ಹುಡುಗಿ ಗಂಟುಬಿದ್ದಳು.

ಆಗ ತೊಂಬತ್ತರ ದಶಕದ ಕೊನೆ. ರಕ್ತದ ಕ್ಯಾನ್ಸರಿಗೆ ಕೊಯಮತ್ತೂರಿನಲ್ಲಿ ಚಿಕಿತ್ಸೆ ಮುಗಿಸಿಕೊಂಡು ಅವಳು ಮತ್ತೆ ಶಾಲೆಗೆ ಬಂದಿದ್ದಳು. ಕೂದಲು ಆಗಷ್ಟೇ ಚಿಗುರುತ್ತಿತ್ತು. ಕಾಯಿಲೆ ವಾಸಿಯಾಗಿದೆ, ಆದರೆ ಆ ಔಷಧಿಗಳ ದೆಸೆಯಿಂದ ಯೋಚನೆ ಮೊದಲಿನಷ್ಟು ಚುರುಕಾಗಿ ಓಡದು, ಸಮಯ ಕೊಡಿ ಎಂದು ಡಾಕ್ಟರು ಅವಳ ಅಮ್ಮನಿಗೆ ಹೇಳಿದ್ದರಂತೆ. ಸಮಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಾವು ಕೊಟ್ಟೆವು: ಕಡಲೆಮಿಠಾಯಿ, ಕಿಟಕಿ ಪಕ್ಕದ ಜಾಗ, ಬೇಕಾದಷ್ಟು ಅಯ್ಯೋ ಪಾಪ. ಲೆಕ್ಕ ಕೇಳಿದರೆ ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ಉತ್ತರ ಹೇಳಿಬಿಡುತ್ತಿದ್ದಳು, ಅದೂ ಪ್ರೀತಿಯಿಂದ. ಹೆಡ್‌ಮಾಸ್ಟರಂತೂ ಈ ವರ್ಷ ಹುಡುಗಿ ಮನೆಯಲ್ಲೇ ಇರಲಿ ಎಂದು ಅವಳ ಅಪ್ಪನಿಗೆ ಹೇಳಿಕಳಿಸುವುದರಲ್ಲಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವಳು ನನ್ನ ಸೆರಗು ಹಿಡಿದುಕೊಂಡು ಅತ್ತಳು.

"ಟೀಚರ್, ನಂಗೆ ಉತ್ತರ ಗೊತ್ತಿರುತ್ತೆ. ಅದು ಬರೋಷ್ಟ್ರಲ್ಲಿ ಎಲ್ಲಾರೂ ಹೇಳ್ಬಿಡ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಕ್ಲಾಸಿಗೆ ಹೋದವಳೇ, "ಇವಳನ್ನ ಕೇಳಿದಾಗ ಬೇರೆ ಯಾರಾದ್ರೂ ಬಾಯಿ ಬಿಟ್ರೆ ನೋಡಿ!" ಎಂದೆ.

ಹದಿನೇಳಕ್ಕೆ ಇಪ್ಪತ್ತೆಂಟು ಕೂಡಿಸು ಎಂದು ಅವಳಿಗೆ ಹೇಳಿದೆ. ಕ್ಲಾಸು ಗಪ್‌ಚುಪ್. ಮೋಯಾರ್ ಕಡೆ ಹೋಗುವ ಜೀಪಿನ ಸದ್ದು ತಿರುವು ದಾಟುವವರೆಗೂ ಕೇಳಿಸಿತು. ಮಕ್ಕಳು ತುಟಿ ಕಚ್ಚಿಕೊಂಡು ಒದ್ದಾಡಿದರು. ಅವರಿಗಿಂತ ಹೆಚ್ಚು ಒದ್ದಾಡಿದವಳು ನಾನು. ನಮ್ಮ ಕ್ಲಾಸು ಇಷ್ಟು ಸುಮ್ಮನಿದ್ದದ್ದೇ ಇಲ್ಲವಲ್ಲ, ಏನೋ ಅನಾಹುತವಾಗಿದೆ ಎಂದು ಹೆಡ್‌ಮಾಸ್ಟರು ಓಡಿಬಂದರು. "ಏನಾಯ್ತು ಟೀಚರ್?" ಎಂದದ್ದೇ ತಡ, ಇಡೀ ಕ್ಲಾಸು ತುಟಿಯ ಮೇಲೆ ಬೆರಳಿಟ್ಟು ಅವರತ್ತ ತಿರುಗಿತು. ಪಾಪ, ಬಾಗಿಲಲ್ಲೇ ನಿಂತುಬಿಟ್ಟರು.

"ನಲವತ್ತೈದು," ಎಂದಳು.

ಹೆಡ್‌ಮಾಸ್ಟರು ಅವಳನ್ನೇ ನೋಡುತ್ತಾ ಒಳಗೆ ಬಂದು ತಾವೇ ಇನ್ನೊಂದು ಲೆಕ್ಕ ಕೊಟ್ಟರು. ಕೈಕಟ್ಟಿಕೊಂಡು ಕಾದರು. ಅದೂ ಸರಿಯಾಯಿತು.

"ನಾಳೆಯಿಂದಾನೂ ಬರ್ಲಾ ಸಾರ್?" ಎಂದು ಕೇಳಿದಳು.

"ಬರ್ಲಾ ಅಂತ ಕೇಳೋದೇನು? ಪ್ರೇಯರಿಗೆ ಲೇಟಾದ್ರೆ ಹೊರಗೆ ನಿಲ್ಲಿಸ್ತೀನಿ, ನೋಡು!"

ಆಸ್ಪತ್ರೆಯಿಂದ ಬಂದಮೇಲೆ ಅವಳನ್ನು ಯಾರೂ ಹೀಗೆ ಗದರಿಸಿರಲಿಲ್ಲ. ಹುಡುಗಿ ಬಾಯಿತುಂಬ ನಕ್ಕಳು. ನನಗೆ ಎಷ್ಟು ಖುಷಿಯಾಯಿತೆಂದರೆ ಬೋರ್ಡಿನ ಕಡೆ ತಿರುಗಿಕೊಂಡು ಅತ್ತುಬಿಟ್ಟೆ. ಮರುದಿನ ಪ್ರೇಯರಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ಅವಳೇ.